ಎಂದಿನ ಜಾಗಕ್ಕೆ ಹೋಗೋಣವೇ?

ಹೊಳೆದಂಡೆಯ ಬೀದಿಗೆ ಮಾತಾಡುವ ಕಾರನ್ನು ಮೊದಲು ತಂದವನು ಬುಂಸೊಂಗ್. ಬ್ಯಾಂಕಾಕಿಗೆ ದೂರದ ಉಥೈ ಥಾನಿಯಂಥ ಸಣ್ಣ ಊರಿನಲ್ಲಿ ಇದು ಸಣ್ಣ ಕೀರ್ತಿಯಲ್ಲ. ಈ ಕೀರ್ತಿಯನ್ನು ಅವನಿಂದ ಯಾರೂ ಕಸಿದುಕೊಳ್ಳಲಾರರು. ಮುಂದೆ ಅವನೇ ಅದನ್ನು ಯಾರ ಕೊರಳಿಗಾದರೂ ಕಟ್ಟಿ ಕೈತೊಳೆದುಕೊಳ್ಳಲು ಒದ್ದಾಡಿದ, ಆ ಮಾತು ಬೇರೆ.

ನಿವೃತ್ತನಾಗುವವರೆಗೆ ಅವನದು ನೀರಿನ ಮೀಟರ್ ಓದುವ ಕೆಲಸ. ಊರಿನ ಒಂದು ಹಿತ್ತಲೂ ಅವನು ಕಾಣದ್ದಲ್ಲ. ಯಾರ ಮನೆಯಲ್ಲಿ ನೆಂಟರು ಬಂದು ಝಾಂಡಾ ಊರಿದ್ದಾರೆ, ಯಾರು ಸ್ನಾನವನ್ನು ಹಬ್ಬಕ್ಕೆಂದು ಎತ್ತಿಟ್ಟಿದ್ದಾರೆ ಎಂಬುದನ್ನೆಲ್ಲ ಮೀಟರ್ ನೋಡಿಯೇ ಹೇಳುತ್ತಿದ್ದ. ಕೇಳಿದವರಿಗೆ ಹೇಳುತ್ತಿದ್ದ, ಕೇಳದವರಿಗೆ ನಿಲ್ಲಿಸಿಕೊಂಡು ಹೇಳುತ್ತಿದ್ದ. ಎದುರಿನ ಕ್ಷೌರದಂಗಡಿಯ ಚಲೋಮ್ ಸ್ನಾನದ ವಿಷಯದಲ್ಲಿ ಇವತ್ತಿಗೂ ಊರವರ ಬಾಯಲ್ಲಿರುವುದು ಬುಂಸೊಂಗನ ಕೃಪೆಯಿಂದಲೇ.

ಕಾರು ಕೊಳ್ಳಲು ಅವನು ನಕೋನ್ ಸವಾನಿನ ಶೋರೂಮಿಗೆ ಹೋದಾಗ ಪಿಂಪಾ ಎಂಬ ಹುಡುಗಿ ಎದುರಿಗೊಂದು ಪರದೆ ಹಿಡಿದಳು. ಅದರ ತುಂಬ ಇರುವೆ ಸಾಲಿನಂಥ ಅಕ್ಷರ, ಕೆಳಗೆ ‘ಒಪ್ಪಿಗೆ’ ಎಂಬ ಹಸಿರು ಗುಂಡಿ.

"ಇದನ್ನ ಒತ್ತಿ ಮಾಮಾ. ಇನ್ಮೇಲೆ ಗಾಡಿ ನಿಮ್ಮನ್ನ ಅರ್ಥ ಮಾಡ್ಕೊಳುತ್ತೆ. ಎಲ್ಲಿಗೆ ಹೋಗ್ತೀರ, ಯಾವಾಗ ಹೋಗ್ತೀರ, ಎಷ್ಟೊತ್ತು ನಿಲ್ಲಿಸ್ತೀರ, ಎಲ್ಲ."

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನನ್ನ ಅಷ್ಟು ಅರ್ಥ ಮಾಡ್ಕೊಂಡೋರು ಯಾರೂ ಇಲ್ಲಮ್ಮ" ಎಂದು ಬುಂಸೊಂಗ್ ಬೆರಳೆತ್ತಿದ. ಓದಿ ನೋಡೋಣವೆಂದು ಒಂದು ಗಳಿಗೆ ಅನ್ನಿಸಿತ್ತು. ಆದರೆ ಪಕ್ಕದ ಮೇಜಿನಲ್ಲಿ ಟೈ ಕಟ್ಟಿದ ಮಹಾಶಯನೊಬ್ಬ ಓದದೆಯೇ ಟಪಟಪ ಒತ್ತುತ್ತಿದ್ದ. ಅವನೆದುರು ತಾನು ಹಳ್ಳಿಗುಗ್ಗನಾಗುವುದೇ? ಬುಂಸೊಂಗನೂ ಟಪಟಪ ಒತ್ತಿದ. ಪಿಂಪಾ ಹಿಡಿದ ಪರದೆಗಳಿಗೆಲ್ಲ ಒತ್ತಿದ. ಕೊನೆಗೆ ಅವಳು ಗಾಡಿಯ ಬಣ್ಣ ತೋರಿಸಲು ಹಿಡಿದ ಚಿತ್ರಕ್ಕೂ ಒತ್ತಿದ.

ಕಾರನ್ನು ನೇರ ಬೌದ್ಧ ವಿಹಾರಕ್ಕೆ ಒಯ್ದು ಹಿರಿಯ ಭಿಕ್ಷುಗಳಿಂದ ಮಂತ್ರ ಹೇಳಿಸಿ, ನೀರು ಚಿಮುಕಿಸಿಕೊಂಡು, ಚಾವಣಿಗೆ ಬಿಳಿ ಚುಕ್ಕೆ ಇಡಿಸಿ ಮನೆಗೆ ತಂದ. ಬೀದಿಯವರು ಮುತ್ತಿಕೊಂಡರು. ಚಲೋಮ್ ಎಲ್ಲಕ್ಕಿಂತ ಮೊದಲು ಕಾರಿನ ಹಿಂದೆ ಕೂತು ನಂಬರನ್ನು ಅಂಗೈ ಮೇಲೆ ಬರೆದುಕೊಂಡ. ಹೊಸ ಗಾಡಿಯ ನಂಬರಿಗೆ ಲಾಟರಿ ಕಟ್ಟದವನನ್ನು ಆ ಊರಲ್ಲಿ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಗ ಬುಂಸೊಂಗನ ಹೆಂಡತಿ ಲಮ್ಯಾಯ್ ಅಂಗಡಿಯೊಳಗಿಂದಲೇ ಕೇಳಿದಳು. "ಮಾತಾಡೋದು ಒಂದು ಇದ್ದದ್ದು ಸಾಲ್ದು ಅಂತ ಇನ್ನೊಂದು ತಂದ್ಯಾ?"

ಲಮ್ಯಾಯಳದು ದೋಣಿ ನೂಡಲ್ಸಿನ ಅಂಗಡಿ. ಹಿಂದೆ ಅವಳ ಅಮ್ಮ ಹೊಳೆಯಲ್ಲಿ ದೋಣಿ ನಡೆಸುತ್ತ ಮಾರುತ್ತಿದ್ದದ್ದು, ಈಗ ದಂಡೆಯ ಮೇಲೆ ಬೆಂಚು ಹಾಕಿ ಮಾರುವುದು. ಸಣ್ಣ ಬಟ್ಟಲು, ಕಪ್ಪು ಸಾರು. ತಿಂದವರು ಬಟ್ಟಲ ಮೇಲೆ ಬಟ್ಟಲು ಪೇರಿಸುತ್ತ ಹೋಗಬೇಕು. ಬೆಳಗಿಂದ ಸಂಜೆವರೆಗೆ ನಿಂತೇ ಬಡಿಸಿ ಅವಳಿಗೆ ಎಡಗಾಲಿನ ಮಂಡಿ ನೋವು ಹತ್ತಿತ್ತು. ಅದು ಯಾರಿಗೂ ಗೊತ್ತಾಗಕೂಡದು ಎಂಬುದು ಅವಳ ಕಟ್ಟಪ್ಪಣೆ. ‘ನೂಡಲ್ಸಿನವಳು ಕುಂಟ್ತಾಳೆ ಅಂದ್ರೆ ಗಿರಾಕಿಗಳು ಸಾರು ತಣ್ಣಗಿದೆ ಅಂತಾರೆ’ ಎನ್ನುತ್ತಿದ್ದಳು. ಈ ಮಾತಿಗೇನು ಅರ್ಥವೆಂದು ಬುಂಸೊಂಗ್ ಕೇಳಲು ಹೋಗಿರಲಿಲ್ಲ.

ಈಗ ಬುಂಸೊಂಗನ ಗುಟ್ಟಿಗೆ ಬರೋಣ. ವಾರವಾರ ಬುದ್ಧನ ದಿನ ಬಂತೆಂದರೆ ಅವನು ಬಿಳಿ ಅಂಗಿ ತೊಟ್ಟು, "ಭಿಕ್ಷುಗಳ ಹತ್ರ ಶೀಲವ್ರತ ತಗೊಂಡು ಬರ್ತೀನಿ" ಎಂದು ವಿಹಾರಕ್ಕೆ ಹೊರಡುತ್ತಿದ್ದ. ಹೊರಡುವುದು ನಿಜ, ವಿಹಾರ ಸುಳ್ಳು. ಅವನು ಹೋಗುತ್ತಿದ್ದದ್ದು ಹೊಳೆಯಾಚೆಯ ಮನೋರೊಮಿಗೆ, ಲಿಂಚೀಯ ಅಂಗಡಿಗೆ. ಲಿಂಚೀಯೂ ದೋಣಿ ನೂಡಲ್ಸೇ ಮಾರುವವಳು. ಪುಣ್ಯಾತ್ಗಿತ್ತಿ ಬೇರೆ ಯಾರೋ ಆಗಿದ್ದರೆ ಚಿಂತೆಯಿರಲಿಲ್ಲ. ಅವಳು ಲಮ್ಯಾಯಳ ಒಡಹುಟ್ಟಿದ ತಂಗಿ.

ಅಮ್ಮ ಸತ್ತಾಗ ಸಾರಿನ ಹಂಡೆ ಯಾರಿಗೆಂದು ಅಕ್ಕತಂಗಿಯರಿಗೆ ಜಗಳವಾಯಿತು. ‘ದೊಡ್ಡವಳು ನಾನು’ ಎಂದಳು ಇವಳು. ‘ಕೊನೆವರೆಗೆ ಉಜ್ಜಿದವಳು ನಾನು’ ಎಂದಳು ಅವಳು. ತಂಗಿ ಹಂಡೆಯನ್ನು ದೋಣಿಗೆ ಹೇರಿಕೊಂಡು ಹೋಗಿಯೇಬಿಟ್ಟಳು. ಅವತ್ತಿನಿಂದ ಮಾತಿಲ್ಲ ಕತೆಯಿಲ್ಲ. ಲಮ್ಯಾಯ್ ಗಂಡನನ್ನು ಅಮ್ಮನ ಫೋಟೋದ ಮುಂದೆ ನಿಲ್ಲಿಸಿ, ಲಿಂಚೀಯ ಹೊಸ್ತಿಲು ದಾಟುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಬುಂಸೊಂಗ್ ಆಣೆ ಮುರಿದವನಲ್ಲ. ಹೊಸ್ತಿಲಾಚೆ, ಮಾಡಿನ ಕೆಳಗಿನ ಬೆಂಚಿನ ಮೇಲೆ ಕೂತೇ ತಿನ್ನುತ್ತಿದ್ದ.

ಮನೆಯಲ್ಲಿ ನೂಡಲ್ಸಿಲ್ಲವೇ ಎಂದರೆ, ಉಂಟು. ಆದರೆ ಮನೆಯ ಅಂಗಡಿಯಲ್ಲಿ ಅವನು ಬಟ್ಟಲು ತೊಳೆಯುವವನು. ಬಾಣಲೆಯ ತಳದ ಚೂರುಪಾರು ಅವನ ಪಾಲು. ಮನೋರೊಮಿನಲ್ಲಿ ಅವನು ಭಾವ. "ಇನ್ನೊಂದು ಬಟ್ಟಲು ಹಾಕ್ಲಾ ಭಾವ?" ಎಂದು ಕೇಳುವವರಿದ್ದಾರೆ. ಕೊನೆಯ ಬಟ್ಟಲು ಇಡುವಾಗ ಲಿಂಚೀ ಎತ್ತಲೋ ನೋಡುತ್ತ ಕೇಳುತ್ತಿದ್ದಳು. "ಅಕ್ಕನ ಮಂಡಿ ಹೇಗಿದೆ?" ಇವನು ಇದ್ದದ್ದು ಇದ್ದಂತೆ ವರದಿ ಒಪ್ಪಿಸುತ್ತಿದ್ದ. ಆಮೇಲೆ ಅವಳು, "ನಾನು ಕೇಳಿದೆ ಅಂತ ಹೇಳ್ಬೇಡಿ" ಎನ್ನುತ್ತಿದ್ದಳು. ಅವನು ಹೇಳುತ್ತಿರಲಿಲ್ಲ. ಹೇಳಿದರೆ ಎರಡು ಕಡೆಯ ಬಟ್ಟಲೂ ಹೋಯಿತಲ್ಲ.

ಕಾರು ಬಂದು ಒಂದೆರಡು ತಿಂಗಳಾಗಿರಬೇಕು. ಬುದ್ಧನ ದಿನ, ಬೆಳಗಿನ ಹೊತ್ತು, ಅಂಗಡಿ ತುಂಬ ಗಿರಾಕಿ. ಬುಂಸೊಂಗ್ ಬಿಳಿ ಅಂಗಿಯಲ್ಲಿ ಗಂಭೀರನಾಗಿ ಬಂದು ಕಾರಿನಲ್ಲಿ ಕೂತ. ಸೆಕೆಯೆಂದು ಕಿಟಕಿ ಇಳಿಸಿದ. ಕಾರು ಬೀದಿಗೆಲ್ಲ ಕೇಳುವಂತೆ ಮಾತು ತೆಗೆಯಿತು.

"ನಮಸ್ಕಾರ ಬುಂಸೊಂಗ್ ಅವರೇ. ಇಂದು ಬುದ್ಧನ ದಿನ. ಎಂದಿನ ಜಾಗಕ್ಕೆ ಹೋಗೋಣವೇ?"

ಬುಂಸೊಂಗ್ ಕಿಟಕಿ ಏರಿಸುವ ಗುಂಡಿಗೆ ತಡಕಾಡಿದ. "ಹೂಂ, ವಿಹಾರಕ್ಕೆ" ಎಂದ.

"ವಿಹಾರಕ್ಕೆ ತಾವು ಹೋಗಿದ್ದು ಒಂದೇ ಬಾರಿ, ವಾಹನ ಕೊಂಡ ದಿನ. ದಾರಿ ಮರೆತಿದ್ದರೆ ತೋರಿಸಲೇ?"

ಲಮ್ಯಾಯ್ ಒಳಗೆ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಒರಳಿನ ಸದ್ದು ಒಂದು ಕ್ಷಣ ನಿಂತಿತೋ, ಅಥವಾ ಅವನಿಗೆ ಹಾಗೆ ಅನ್ನಿಸಿತೋ ಹೇಳಲಾಗದು. ಚಲೋಮನ ಕತ್ತರಿ ಮಾತ್ರ ಖಂಡಿತ ನಿಂತಿತು. ಕುರ್ಚಿಯಲ್ಲಿದ್ದ ಗಿರಾಕಿಯ ಅರ್ಧ ತಲೆ ಹಾಗೇ ಉಳಿಯಿತು.

ಗಂಡಸು ವಾರವಾರ ಬಿಳಿ ಅಂಗಿ ತೊಟ್ಟು, ವಿಹಾರವೆಂದು ಹೇಳಿ, ವಿಹಾರಕ್ಕೆ ಹೋಗದೆ ‘ಎಂದಿನ ಜಾಗ’ಕ್ಕೆ ಹೋಗುತ್ತಾನೆಂದರೆ ಏನರ್ಥ? ಚಲೋಮನಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುಂಸೊಂಗನಿಗೆ ಇನ್ನೊಬ್ಬಳಿಗೆ ಮಾಡಿಕೊಟ್ಟ ಚಿಕ್ಕಮನೆ ಇದೆಯೆಂದು ಮೀನು ಮಾರುಕಟ್ಟೆಯವರೆಗೆ ಸುದ್ದಿಯಾಗಿತ್ತು. ಸಂಜೆಗೆ ಆ ಚಿಕ್ಕಮನೆಗೆ ಹೆಂಚು ಹೊದಿಸಿ, ಅಂಗಳದಲ್ಲಿ ಮಾವಿನ ಗಿಡವನ್ನೂ ನೆಟ್ಟಿದ್ದರು.

"ಈ ವಯಸ್ಸಲ್ಲಿ ಬೇಕಿತ್ತೇನೋ ಇದೆಲ್ಲ?" ಎಂದು ಚಲೋಮ್ ಕ್ಷೌರ ಮಾಡುತ್ತ ಅವನ ಕಿವಿಯಲ್ಲೇ ಕೇಳಿದ.

"ನನ್ನ ಸ್ವಂತ ವಿಷ್ಯ ಅದು. ನಿಂಗ್ಯಾಕೆ?"

"ನಮ್ಮನೆ ನೀರಿನ ಮೀಟರೂ ನನ್ನ ಸ್ವಂತ ವಿಷ್ಯಾನೇ ಆಗಿತ್ತು ಕಣಪ್ಪ" ಎಂದು ಚಲೋಮ್ ಕತ್ತಿಯನ್ನು ಚರ್ಮದ ಪಟ್ಟಿಗೆ ನಿಧಾನವಾಗಿ ಸವರಿದ.

ಲಮ್ಯಾಯ್ ಏನೂ ಕೇಳಲಿಲ್ಲ. ಅದೇ ಭಯ. ಬಟ್ಟಲುಗಳನ್ನು ಮಾತ್ರ ಎತ್ತಿ ಎತ್ತಿ ಇಡುತ್ತಿದ್ದಳು. ಅವನ ಚೂರುಪಾರಿನಲ್ಲಿ ಖಾರ ಏರುತ್ತ ಹೋಯಿತು. ಚಿಕ್ಕಮನೆಯ ಸುದ್ದಿ ಅವಳ ಕಿವಿಗೆ ಬಿದ್ದಿರುವುದು ಖಂಡಿತ. ಅದು ಸುಳ್ಳೆಂದು ಹೇಳಬೇಕಾದರೆ ನಿಜ ಏನೆಂದು ಹೇಳಬೇಕು. ನೂಡಲ್ಸ್ ಮಾರುವ ಹೆಂಡತಿಗೆ, ‘ನಾನು ಬೇರೆ ಕಡೆ ನೂಡಲ್ಸ್ ತಿನ್ತೀನಿ, ಅದೂ ನಿನ್ನ ತಂಗಿ ಕೈಯಲ್ಲಿ’ ಎನ್ನುವುದಕ್ಕಿಂತ ಚಿಕ್ಕಮನೆಯನ್ನೇ ಒಪ್ಪಿಕೊಳ್ಳುವುದು ಮೇಲೆಂದು ಅವನಿಗೆ ಒಂದೆರಡು ಸಲ ಅನ್ನಿಸಿತು.

ಅವನು ಶೋರೂಮಿಗೆ ಓಡಿದ.

"ಪಿಂಪಾ, ಗಾಡಿ ನನ್ನನ್ನ ಮರೀಬೇಕು. ಏನ್ ಮಾಡ್ಬೇಕು?"

"ಖಂಡಿತ ಮಾಮಾ. ನಿಮ್ಮ ಗೋಪ್ಯತೆ ನಮಗೆ ಪ್ರಾಣಕ್ಕಿಂತ ಹೆಚ್ಚು. ಮರೆಸೋಕೆ ನಿಮ್ಮ ಗುರುತಿನ ಚೀಟಿ ಕೊಡಿ, ಹೆಬ್ಬೆಟ್ಟು ಒತ್ತಿ, ಈ ಕಡೆ ಮುಖ ತೋರಿಸಿ. ಹೆಂಡತಿ ಹೆಸರು, ಹುಟ್ಟಿದ ದಿನ?"

"ಮರೆಸೋಕೆ ಇಷ್ಟೆಲ್ಲ ನೆನಪಿಟ್ಕೋಬೇಕಾ?"

"ಮರೆತಿದ್ದು ಸರಿಯಾದೋರನ್ನೇ ಅಂತ ಗೊತ್ತಾಗ್ಬೇಕಲ್ಲ ಮಾಮಾ." ಅವಳು ಪರದೆ ನೋಡುತ್ತ ಜೋರಾಗಿ ಓದತೊಡಗಿದಳು. "ಬುದ್ಧನ ದಿನ ಮನೋರೊಮ್. ಹೋಗೋವಾಗ ವೇಗ ಜಾಸ್ತಿ, ಬರೋವಾಗ ನಿಧಾನ. ಡ್ರೈವರ್ ಸೀಟಿನ ಭಾರ ಹೋಗೋವಾಗ ಒಂದು, ಬರೋವಾಗ ಇನ್ನೊಂದು. ಅಯ್ಯೋ ಮಾಮಾ, ಏನ್ ತಿಂತೀರ ಅಲ್ಲಿ?"

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಎಣ್ಣೆ ಬದಲಿಸಲು ಬಂದ ಹೆಂಗಸೊಬ್ಬಳು, "ಬಸುರಿ ಹೆಂಗಸರಿಗೆ ಹಾಗಾಗುತ್ತೆ" ಎಂದು ತನಗೆ ತಿಳಿದದ್ದನ್ನು ಹೇಳಿದಳು.

"ಮೆಲ್ಲಗೆ ಓದಮ್ಮ" ಎಂದು ಬುಂಸೊಂಗ್ ಕೈಮುಗಿದ. "ಇದೆಲ್ಲ ಯಾರ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ ಮಾಮಾ. ನಮ್ಮ ಕಂಪನಿ, ವಿಮೆಯೋರು, ಟಯರ್‌ನೋರು, ಸಾಲ ಕೊಡೋರು, ಆಮೇಲೆ ಜೀರ್ಣದ ಮಾತ್ರೆ ಮಾರೋರು, ಅಷ್ಟೇ. ನೀವೇ ಒಪ್ಪಿಗೆ ಒತ್ತಿದೀರಲ್ಲ." ಅರ್ಜಿ ಬ್ಯಾಂಕಾಕಿಗೆ ಹೋಗಿ ಬರಲು ಮಳೆಗಾಲ ಕಳೆಯಬೇಕು, ಅಲ್ಲಿವರೆಗೆ ಕಾಯಿರಿ ಎಂದಳು.

ಅಲ್ಲಿವರೆಗೆ ನೂಡಲ್ಸಿಲ್ಲದೆ ಇರುವುದು ಆಗದ ಮಾತು. ಬುಂಸೊಂಗ್ ಮನೆಗೆ ಬರುವ ದಾರಿಯಲ್ಲಿ ತಲೆ ಓಡಿಸಿದ. ಓಡಿಸಬಾರದಿತ್ತು. ಕಾರಿಗೆ ವಿಹಾರವೇ ಎಂದಿನ ಜಾಗವೆಂದು ಅಭ್ಯಾಸ ಮಾಡಿಸಿದರಾಯಿತು: ಬುದ್ಧನ ದಿನ ಕಾರನ್ನು ವಿಹಾರದಲ್ಲಿ ಬಿಟ್ಟು, ತಾನು ಬಸ್ಸಿನಲ್ಲಿ ಮನೋರೊಮಿಗೆ ಹೋಗುವುದು. ಅಭ್ಯಾಸಬಲದಿಂದ ಕಾರು ಸುಧಾರಿಸೀತು. ಇದು ಅವನ ಉಪಾಯ.

ಮುಂದಿನ ಬುದ್ಧನ ದಿನ ಅವನು ಕಾರನ್ನು ವಿಹಾರದ ಬೋಧಿಮರದ ಕೆಳಗೆ ನಿಲ್ಲಿಸಿದ. ಫೋನೂ ಗುಟ್ಟು ಬಿಟ್ಟುಕೊಡುತ್ತದೆಂದು ಕೇಳಿದ್ದ, ಅದನ್ನು ಸೀಟಿನ ಮೇಲೆಯೇ ಬಿಟ್ಟು ಬೀಗ ಹಾಕಿದ. ಬೀಗದ ಕೈ ಮಾತ್ರ ಜೇಬಿನಲ್ಲಿ. ಎರಡು ಹೆಜ್ಜೆ ಹೋದವನು ಹಿಂದಿರುಗಿದ. ನಂಬರ್? ನಂಬರೂ ಒಂದು ಮಾಹಿತಿಯಲ್ಲವೇ? ಮುಚ್ಚಲು ಏನೂ ತಂದಿರಲಿಲ್ಲ. ಬೋಧಿಮರಕ್ಕೆ ಸುತ್ತಿದ್ದ ಕಾವಿ ಬಟ್ಟೆಯ ತುಂಡೊಂದು ಗಾಳಿಗೆ ಕಳಚಿ ಬೇರಿನ ಮೇಲೆ ಬಿದ್ದಿತ್ತು. ಅದನ್ನೇ ಹರಿದು ಮುಂದಿನ ನಂಬರಿಗೂ ಹಿಂದಿನ ನಂಬರಿಗೂ ಬಿಗಿಯಾಗಿ ಕಟ್ಟಿದ. ಅವನು ಹೊರಗಿನವನಾಗಿದ್ದರೆ ಕ್ಷಮಿಸಬಹುದಿತ್ತು. ಅಲ್ಲೇ ಹುಟ್ಟಿ ಬೆಳೆದವನು, ಲಾಟರಿ ಎಳೆಯುವ ಹಿಂದಿನ ದಿನ, ಬೋಧಿಮರದಡಿ, ಕಾರಿನ ನಂಬರಿಗೆ ಕಾವಿ ಸುತ್ತಿಹೋದ.

ಹೂ ಮಾರುವವಳು ಮೊದಲು ಕಂಡಳು. ಹಿರಿಯ ಭಿಕ್ಷುಗಳೇ ನಂಬರನ್ನು ಮಂತ್ರಿಸಿ ಮುಚ್ಚಿಟ್ಟಿದ್ದಾರೆ, ಇಲ್ಲದಿದ್ದರೆ ಕಾವಿ ಯಾಕೆ ಎಂದಳು. ಹಿರಿಯ ಭಿಕ್ಷುಗಳ ಕುಟೀರಕ್ಕೆ ನಾಲ್ಕು ಜನ ಓಡಿ, "ಆ ಗಾಡಿ ಏನು ಸ್ವಾಮಿ?" ಎಂದು ಕೇಳಿದರು. ಊಟವಾಗಿ ಮಲಗಿದ್ದ ಮುದುಕರು ಕಣ್ಣು ಬಿಡದೆಯೇ, "ಇದ್ದರೆ ಇರಲಿ ಬಿಡಿ" ಎಂದರು. ಇಷ್ಟು ದೊಡ್ಡ ಸೂಚನೆ ಸಿಕ್ಕಮೇಲೆ ಇನ್ನೇನು ಬೇಕು? ಜನ ಕಾರಿನ ಮೈಗೆಲ್ಲ ಪೌಡರ್ ತಿಕ್ಕಿ ಗೀರುಗಳಲ್ಲಿ ಲಾಟರಿಯ ಅಂಕಿ ಹುಡುಕತೊಡಗಿದರು. ಊದುಬತ್ತಿ ಹಚ್ಚಿದರು. ಕೆಂಪು ಶರಬತ್ತಿನ ಬಾಟಲಿಗಳನ್ನು ಹುಲ್ಲುಕಡ್ಡಿ ಸಹಿತ ನೈವೇದ್ಯಕ್ಕಿಟ್ಟರು. ಕಾವಿ ಬಿಚ್ಚಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಚಲೋಮನಿಗೆ ಆ ನಂಬರ್ ಬಾಯಿಪಾಠವಿತ್ತು, ಆದರೂ ಪೌಡರ್ ತಿಕ್ಕುವವರಲ್ಲಿ ಅವನೇ ಮುಂದಿದ್ದ. ಮಂತ್ರಿಸಿದ ಮೇಲೆ ನಂಬರ್ ಬದಲಾಗಿರಬಹುದೆಂದು ಅವನ ವಾದ.

ಅಷ್ಟರಲ್ಲಿ ಕಾರಿನೊಳಗೆ ಫೋನ್ ಬಡಿದುಕೊಂಡಿತು. ಅಂಗಡಿಯಲ್ಲಿ ಗ್ಯಾಸ್ ಮುಗಿದು ಲಮ್ಯಾಯ್ ಕರೆಯುತ್ತಿದ್ದಳು. ಬಡಿದುಕೊಂಡು ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ಗಾಡಿ ಇದೆ, ಫೋನ್ ಇದೆ, ಮನುಷ್ಯ ಇಲ್ಲ. ಒಬ್ಬಳು ಅಳುವುದಕ್ಕೇ ಶುರುಮಾಡಿದಳು. ಚಲೋಮ್ ಸುದ್ದಿ ಒಯ್ದ. "ಲಮ್ಯಾಯಕ್ಕ, ಗಾಡಿ ದೇವರಾಗಿದೆ, ಗಂಡ ಕಾಣ್ತಿಲ್ಲ."

ಬುಂಸೊಂಗ್ ಸಂಜೆಮುಂದೆ ಬಸ್ಸಿಳಿದು, ಹೊಟ್ಟೆ ಸವರಿಕೊಂಡು, ಹಲ್ಲುಕಡ್ಡಿ ಕಚ್ಚಿಕೊಂಡು ವಿಹಾರದ ಬಾಗಿಲು ಹೊಕ್ಕಾಗ ಕಂಡ ದೃಶ್ಯ ಇದು: ಹೊಗೆಯ ನಡುವೆ ಹಿಟ್ಟು ಬಳಿದಂತಿರುವ ತನ್ನ ಕಾರು, ಸುತ್ತ ಕೈಮುಗಿದ ಊರು, ಎದುರಿಗೆ ಅಂಗಡಿಯ ಏಪ್ರನ್ನಿನಲ್ಲಿಯೇ ನಿಂತ ಲಮ್ಯಾಯ್. ಅವಳ ಕೈಯಲ್ಲಿ ಸಾರಿನ ಸೌಟು ಇತ್ತು. ಗಾಬರಿಯಲ್ಲಿ ಕೆಳಗಿಡಲು ಮರೆತು ಬಂದಿದ್ದಳು. ಅವಳ ಕಣ್ಣು ಕೆಂಪಗಿತ್ತು, ಮತ್ತು ಅದು ಮೆಣಸಿನಕಾಯಿಯಿಂದ ಆದದ್ದಲ್ಲ.

ಓಡಿಬಿಡೋಣವೆಂದುಕೊಂಡ. ಆದರೆ ಜೇಬಿನ ಬೀಗದ ಕೈ ಹತ್ತಿರ ಬಂದದ್ದೇ ಕಾರು ದೀಪ ಹೊತ್ತಿಸಿತು.

"ನಮಸ್ಕಾರ ಬುಂಸೊಂಗ್ ಅವರೇ."

ಊರು ಅಡ್ಡಬಿತ್ತು. ಚಲೋಮ್ ನೆಲಕ್ಕೆ ಹಣೆ ಹಚ್ಚಿಕೊಂಡೇ, "ಕೊನೇ ಎರಡು ಅಂಕಿ ಹೇಳಪ್ಪ" ಎಂದು ಬೇಡಿದ. ಲಮ್ಯಾಯ್ ಒಬ್ಬಳು ಬಗ್ಗಲಿಲ್ಲ. ಮಂಡಿ ನೋವೂ ಒಂದು ಕಾರಣವಿರಬೇಕು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಇದ್ದಾನೆ, ಪೂರ್ತಿ ಇದ್ದಾನೆ. ಮೂಗಿನಿಂದ ಒಮ್ಮೆ ಗಾಳಿ ಎಳೆದುಕೊಂಡಳು. ಅವನ ಅಂಗಿಯಿಂದ ಚಕ್ರಮೊಗ್ಗು, ಚಕ್ಕೆ, ಕುದಿದ ಸಾರಿನ ವಾಸನೆ. ಅವಳು ಸೌಟನ್ನು ಕಾರಿನ ಕಡೆ ಚಾಚಿದಳು.

"ಏಯ್, ನೀನು ಹೇಳು. ಇವನು ಪ್ರತಿ ವಾರ ಎಲ್ಲಿಗೆ ಹೋಗ್ತಾನೆ?"

"ಕ್ಷಮಿಸಿ" ಎಂದಿತು ಕಾರು. "ಅದು ಮಾಲೀಕರ ಖಾಸಗಿ ಮಾಹಿತಿ. ಅವರ ಒಪ್ಪಿಗೆಯಿಲ್ಲದೆ ಹೇಳಲಾಗದು."

ಟಯರಿನವರಿಗೆ ಗೊತ್ತು, ಮಾತ್ರೆಯವರಿಗೆ ಗೊತ್ತು, ಬ್ಯಾಂಕಾಕಿಗೆ ಗೊತ್ತು. ಕಟ್ಟಿಕೊಂಡ ಹೆಂಡತಿಗೆ ಮಾತ್ರ ಗುಟ್ಟು. ಬುಂಸೊಂಗನಿಗೆ ಆ ಕ್ಷಣ ಕಾರಿನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಬಚಾವಾದೆ ಅಂದುಕೊಂಡ.

"ಬುಂಸೊಂಗ್ ಅವರೇ, ಒಪ್ಪಿಗೆಯೇ?" ಎಂದು ಕೇಳಿತು ಕಾರು.

ಅಡ್ಡಬಿದ್ದವರೆಲ್ಲ ತಲೆಯೆತ್ತಿದರು. ಓದದೆ, ಕೇಳದೆ ಎಷ್ಟೋ ಒಪ್ಪಿಗೆ ಒತ್ತಿದವನು ಈಗ ಬಾಯಿ ತೆರೆಯಲಾರದೆ ನಿಂತ. ಹೆಂಡತಿಯ ಮುಖ ನೋಡಿದ. ಚಿಕ್ಕಮನೆಯ ಸುದ್ದಿ ಕೇಳಿಯೂ ಇಷ್ಟು ದಿನ ಬಾಯಿಬಿಡದವಳು, ಗಂಡ ಸತ್ತನೇನೋ ಎಂದು ಸೌಟು ಹಿಡಿದು ಓಡಿಬಂದವಳು.

"ಒಪ್ಪಿಗೆ" ಎಂದ.

"ಮನೋರೊಮ್. ಲಿಂಚೀ ದೋಣಿ ನೂಡಲ್ಸ್."

ಚಲೋಮನ ಮುಖ ಇಳಿದುಹೋಯಿತು. ಹೆಂಚು ಹೊದಿಸಿದ್ದ ಚಿಕ್ಕಮನೆ ಕಣ್ಣೆದುರೇ ಕುಸಿದಿತ್ತು. ಆಮೇಲೆ ಹೂ ಮಾರುವವಳು, "ಇದಕ್ಕಿಂತ ಚಿಕ್ಕಮನೆಯೇ ವಾಸಿಯಿತ್ತಲ್ಲ" ಎಂದು ಮೆಲ್ಲಗೆ ಹೇಳಿದಳು. ಎಲ್ಲರೂ ತಲೆಯಾಡಿಸಿದರು.

ಲಮ್ಯಾಯಳ ಸೌಟು ಕೆಳಗಿಳಿಯಿತು.

"ಆ ಹಂಡೆ ಈಗ್ಲೂ ಸೋರುತ್ತಾ?" ಎಂದಳು.

"ಕಿವಿ ಹತ್ರ. ಮೇಣ ಮೆತ್ತಿದಾಳೆ."

"ಮೇಣ ನಿಲ್ಲಲ್ಲ. ಅಮ್ಮ ಅಕ್ಕಿಹಿಟ್ಟು ಮೆತ್ತೋಳು. ಅಷ್ಟೂ ಗೊತ್ತಿಲ್ಲ ಅವಳಿಗೆ." ಏಪ್ರನ್ ಬಿಚ್ಚಿ ಚಲೋಮನ ಕೈಗೆ ಕೊಟ್ಟಳು. ಪೌಡರ್ ಮೆತ್ತಿದ ಬಾಗಿಲು ತೆಗೆದು, ಎಡಗಾಲನ್ನು ಕೈಯಿಂದೆತ್ತಿ ಒಳಗಿಟ್ಟು ಕೂತಳು. "ಬಾ, ನಿಂತಿದೀಯಲ್ಲ ಕಂಬದ ಥರ. ಹಿಟ್ಟು ಮೆತ್ತೋದು ತೋರಿಸ್ಬಿಟ್ಟು ಬರ್ತೀನಿ. ಅಷ್ಟೇ. ಮಾತಾಡಲ್ಲ."

ಬುಂಸೊಂಗ್ ಗಾಡಿ ಹತ್ತಿದ. ನಂಬರಿನ ಕಾವಿ ಬಿಚ್ಚಲು ಜನ ಬಿಡಲಿಲ್ಲ, ಹಾಗೇ ಹೊರಟ.

"ಎಂದಿನ ಜಾಗಕ್ಕೆ ಹೋಗೋಣವೇ?" ಎಂದಿತು ಕಾರು. "ಪಕ್ಕದ ಸೀಟಿನಲ್ಲಿ ಹೊಸ ಪ್ರಯಾಣಿಕರಿದ್ದಾರೆ. ಹೆಸರು ಏನೆಂದು ದಾಖಲಿಸಲಿ?"

ಲಮ್ಯಾಯ್ ಕಿಟಕಿಯಾಚೆ ನೋಡುತ್ತಿದ್ದಳು. ಹೊಳೆಯ ಸೇತುವೆ ಬಂತು. "ಅಕ್ಕ ಅಂತ ಬರ್ಕೋ" ಎಂದಳು.

ಮನೋರೊಮಿನಲ್ಲಿ ಲಿಂಚೀ ಬೆಂಚುಗಳನ್ನು ಎತ್ತಿಡುತ್ತಿದ್ದಳು. ಕಾರು ಕಂಡು ಏಪ್ರನ್ನಿಗೆ ಕೈಯೊರಸುತ್ತ ಬಂದಳು. "ಏನು ಭಾವ, ಮಧ್ಯಾಹ್ನ ತಿಂದಿದ್ದು ಸಾಲ್ಲಿಲ್ವಾ? ಗಾಡಿಗೇನು ಹಿಟ್ಟು ಬಳ್ದಿದೀರ?" ಆ ಕಡೆಯ ಕಿಟಕಿ ಅವಳಿಗೆ ಕಾಣುತ್ತಿರಲಿಲ್ಲ. ಲಮ್ಯಾಯ್ ಅಲುಗಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು. ಇಳಿಯುವುದೋ ತಿರುಗಿ ಹೋಗುವುದೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. ಬುಂಸೊಂಗನೂ ಬಾಯಿ ಬಿಡಲಿಲ್ಲ.

ಕಾರು ಬಾಯಿ ಬಿಟ್ಟಿತು. "ಅಕ್ಕ ಅವರೇ, ತಾವು ಇಳಿಯುವ ಜಾಗ ಬಂದಿದೆ."

ಲಿಂಚೀ ನಿಂತಲ್ಲೇ ನಿಂತಳು. ಆಮೇಲೆ ಸುತ್ತಿ ಬಂದು ಬಾಗಿಲು ತೆಗೆದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಲಿಂಚೀ ಕೈ ನೀಡಿದಳು. ಲಮ್ಯಾಯ್ ಹಿಡಿದುಕೊಂಡು ಇಳಿದಳು. ಇಬ್ಬರೂ ಅಳುತ್ತಿರಲಿಲ್ಲ ಎಂದು ಇಬ್ಬರೂ ಆಮೇಲೆ ವಾದಿಸಿದರು.

"ಹೊರಗಿನ ಬೆಂಚು ತಗ್ಗು. ಮಂಡಿ ನೋವಿರೋರಿಗೆ ಆಗಲ್ಲ" ಎಂದಳು ಲಿಂಚೀ. "ಒಳಗೆ ಬಾ."

ಲಮ್ಯಾಯ್ ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಥಟ್ಟನೆ ನಿಂತಳು. ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು.

"ನನ್ನ ಮಂಡಿ ವಿಷ್ಯ ಇವಳಿಗೆ ಯಾರು ಹೇಳಿದ್ದು?"

ಬುಂಸೊಂಗ್ ಹಿಂದುಮುಂದು ನೋಡದೆ ಕಾರಿನ ಕಡೆ ಬೆರಳು ತೋರಿಸಿದ.